ಮೂರು ಮಿಳ್ಳೆ ಕೊಸರು

ಕಳೆದ ತಿಂಗಳು ಒಂದು ದಿನ ಕಾಕು ಫೋನ್ ಮಾಡಿದರು. "ನಾಳಿ ಒಂದನೇ ನಂಬರಿನ ಗಾಡಿ ಔರಾದಕ್ಕ ಹೋಗ್ತದ್ರಿ. ನೀವು ಬಂದು ಪೆಟ್ರೋಲ್ ಹಾಕಿ ಕೊಡ್ರಿ" ಎಂದರು.

"ನಾ ಯಾಕ್ರಿ ಕಾಕು? ನೌಬಾದದಾಗ ಪಂಪ್ ಇಲ್ಲೇನ್ರಿ?" ಎಂದೆ.

"ಅವರು ಬರ್ದಿಟ್ಟು ಹೋಗ್ಯಾರ್ರಿ."

ಅವರು ಎಂದರೆ ಕಾಕುವಿನ ಯಜಮಾನರು, ನಮಗೆಲ್ಲ ಕಾಕಾ. ತೀರಿಕೊಂಡು ಮೂರು ತಿಂಗಳಾಗಿತ್ತು. ಹೋದವರು ಬರೆದಿಟ್ಟ ಮೇಲೆ ನಮ್ಮದೇನು ಮಾತು? ಭಾಲ್ಕಿಯ ನನ್ನ ಎಣ್ಣೆ ಅಂಗಡಿಯ ಗೂಟಕ್ಕೆ ತೂಗುಹಾಕಿದ್ದ ಲಾಳಿಕೆಯನ್ನೂ ಮಿಳ್ಳೆಯನ್ನೂ ತಿಕ್ಕಿ ತೊಳೆದು ಪೇಪರಿನಲ್ಲಿ ಸುತ್ತಿಟ್ಟೆ. ಮಿಳ್ಳೆ ಎಂದರೆ ಉದ್ದ ಹಿಡಿಕೆಯ ಸಣ್ಣ ಬಟ್ಟಲು, ಡಬ್ಬಿಯಿಂದ ಎಣ್ಣೆ ಎತ್ತಲಿಕ್ಕೆ. ಈ ಬರಹದಲ್ಲಿ ಅದರ ಪಾತ್ರ ದೊಡ್ಡದು, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಕಾಕಾರ ಹೆಸರು ನಾನು ಬರೆಯುವುದಿಲ್ಲ. ಅವರು ತಾವು ಕಟ್ಟಿದ ಕಾರುಗಳ ಮೇಲೂ ಹೆಸರು ಹಾಕಲಿಲ್ಲ, ಬರೀ ನಂಬರು ಹಾಕಿದರು. ಈಗ ನಾನು ಹಾಕಿದರೆ ಎದ್ದು ಬಂದು ಜಗಳ ತೆಗೆದಾರು.

ಬೀದರದ ಪಕ್ಕದ ನೌಬಾದದಲ್ಲಿ ಅವರದೊಂದು ದಾಲ್ ಮಿಲ್ಲು ಇತ್ತು. ಅರ್ಧ ಶೆಡ್ಡಿನಲ್ಲಿ ತೊಗರಿ ಒಡೆಯುತ್ತಿದ್ದರು, ಇನ್ನರ್ಧದಲ್ಲಿ ಕಾರು ಕಟ್ಟುತ್ತಿದ್ದರು. ಅವು ಮದುವೆ ಮುಂಜಿಗೆ ಹೋಗುವ ಕಾರುಗಳಲ್ಲ. ಟ್ರ್ಯಾಕಿನ ಮೇಲೆ ಒಂದೇ ಸಮ ಆರು ತಾಸು ಓಡುವ ರೇಸಿನ ಕಾರುಗಳು. ಎಷ್ಟು ಜೋರಾಗಿ ಓಡಿತು ಎನ್ನುವುದಕ್ಕಿಂತ ಕೊನೆತನಕ ಓಡಿತೋ ಇಲ್ಲವೋ ಎನ್ನುವುದೇ ಅಲ್ಲಿ ಮುಖ್ಯ. ಯಾವ ಕಂಪನಿಯ ನೆರವೂ ಇಲ್ಲ, ಬಾಗಿಲಿನ ಮೇಲೆ ಯಾರ ಸ್ಟಿಕ್ಕರೂ ಇಲ್ಲ. ಎಲ್ಲ ತೊಗರಿ ಬೇಳೆಯಿಂದ ಬಂದದ್ದು. ಒಟ್ಟು ಆರೇ ಕಾರು ಕಟ್ಟುವುದು ಎಂದು ಮೊದಲ ದಿನವೇ ಗೋಡೆಗೆ ಸುಣ್ಣದಲ್ಲಿ ಬರೆದಿದ್ದರು. "ಆರು ಆದ್ರ ಪ್ರತಿಯೊಂದರ ಹೊಟ್ಟಿ ನೋವು ನನಗ ಗೊತ್ತಿರ್ತದ್ರಿ. ಅರವತ್ತಾದ್ರ ಯಾವ್ದು ಅಳ್ಳಿಕತ್ತದ ಅಂತ ಹ್ಯಾಂಗ ತಿಳೀತದ?" ಎನ್ನುತ್ತಿದ್ದರು.

ಕಾರು ಎಷ್ಟು ಗಿಡ್ಡ ಎಂದರೆ, ಕಮಠಾಣದ ರಸ್ತೆಯಲ್ಲಿ ಹೊರಟಾಗ ಎಮ್ಮೆಗಳು ಕತ್ತು ಬಗ್ಗಿಸಿ ನೋಡುತ್ತಿದ್ದವು. ಬೀದರದ ಜನ ಅದಕ್ಕೆ ಚಪ್ಪಲಿ ಗಾಡಿ ಎಂದು ಹೆಸರಿಟ್ಟಿದ್ದರು. ಕಾಕಾಗೆ ಸಿಟ್ಟು ಬರಲಿಲ್ಲ. "ಚಪ್ಲಿ ಖರೇ ಅದ ಬಿಡ್ರಿ. ಕಾಲಿಗಿ ಹತ್ತಿದ್ರ ಮುಗೀತು, ದಿನಾ ನಡಿಬಹುದು" ಎಂದರು. ಮೇಲಿನ ಅಲ್ಯುಮಿನಿಯಂ ತಗಡನ್ನು ಭಾತಂಬ್ರಾದಲ್ಲಿ ಪಾತ್ರೆ ತಟ್ಟುವವರ ಹತ್ತಿರ ತಟ್ಟಿಸುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ಬೋಗುಣಿಯ ಮೇಲಿರುವಂಥ ಸಣ್ಣ ಸಣ್ಣ ಸುತ್ತಿಗೆ ಗುರುತು ಕಾಣುತ್ತಿದ್ದವು. ಅವನ್ನು ಉಜ್ಜಿ ನುಣುಪು ಮಾಡಲು ಕಾಕಾ ಬಿಡಲಿಲ್ಲ.

ಇನ್ನೊಂದು ವಿಚಿತ್ರ. ಅವರು ಎಲ್ಲರಿಗೂ 'ರಿ' ಹಚ್ಚಿ ಮಾತಾಡುತ್ತಿದ್ದರು. ಅದೇನು ನಮ್ಮ ಕಡೆ ದೊಡ್ಡ ಮಾತಲ್ಲ. ಆದರೆ ಅವರು ಎಂಜಿನ್ನಿಗೂ 'ರಿ' ಹಚ್ಚುತ್ತಿದ್ದರು. ಸ್ಟಾರ್ಟ್ ಆಗದಿದ್ದರೆ ಬಾನೆಟ್ ಎತ್ತಿ, "ಏನಾಗ್ಯದ್ರಿ ನಿಮಗ? ಹೇಳಿದ್ರ ತಿಳೀತದ" ಎಂದು ಕೇಳುತ್ತಿದ್ದರು. ಹೊರಡುವಾಗ ಸ್ಟೇರಿಂಗಿಗೆ ಎರಡು ಬೆರಳು ತಟ್ಟಿ, "ನಡೀರಿ" ಎನ್ನುತ್ತಿದ್ದರು. ಮೊದಲ ಸಲ ಕೇಳಿದಾಗ ನಾನು ಮುಖ ತಿರುಗಿಸಿಕೊಂಡು ನಕ್ಕಿದ್ದೆ.

ಕಾರು ಕೊಳ್ಳಲು ಬಂದವರಿಗೆ ಪರೀಕ್ಷೆ ಇತ್ತು. ಬೇಸಿಗೆಯಲ್ಲಿ ಮಿಲ್ಲಿನ ತಗಡಿನ ಶೆಡ್ಡಿನೊಳಗೆ ಒಂದು ಸ್ಟೂಲ್ ಹಾಕಿ, ಮೂರು ತಾಸು ಕೂಡಿ ಎನ್ನುತ್ತಿದ್ದರು. ಫೋನು ಇಲ್ಲ, ಫ್ಯಾನು ಇಲ್ಲ. "ಮೂರು ತಾಸು ಸುಮ್ಮ ಕೂಡ್ಲಿಕ್ಕ ಬರದವರು ಆರು ತಾಸು ಗಾಡಿ ಏನ್ ಹೊಡಿತಾರ್ರಿ?" ಹೈದರಾಬಾದಿನ ಒಬ್ಬ ಬಿಲ್ಡರ್ ನಲವತ್ತು ನಿಮಿಷಕ್ಕೆ ಎದ್ದು, ಸ್ಟೂಲಿಗೆ ಒದ್ದು ಹೋದ. ನಮ್ಮ ಭಾಲ್ಕಿಯ ಎಲುಬಿನ ಡಾಕ್ಟರ್, ನಾವೆಲ್ಲ ಡಾಕ್ಟರ್ ಬಾಯಿ ಎನ್ನುವ ಹೆಣ್ಣುಮಗಳು, ಬಂದು ಕೂತರು. ಮೂರು ತಾಸು ಮುಗಿಯಿತು ಎಂದು ಕಾಕಾ ಹೇಳಲು ಹೋದರೆ, "ಇನ್ನೂ ಕೂಡ್ಲೇನ್ರಿ? ದವಾಖಾನಿಕಿಂತ ಇಲ್ಲೇ ಆರಾಮ ಅದ" ಎಂದರಂತೆ. ಎರಡನೇ ನಂಬರು ಅವರಿಗೆಂದು ಅವತ್ತೇ ಗೊತ್ತಾಯಿತು.

ಗೊತ್ತಾದರೇನು, ಕೈಗೆ ಬರಲಿಲ್ಲ. ಕಾಕಾರದು ಮತ್ತೊಂದು ಹಟವಿತ್ತು. ಒಂದರಿಂದ ಆರರವರೆಗೆ ನಂಬರು ಕೊರೆಸಿದ ಹಿತ್ತಾಳೆ ಪಟ್ಟಿಗಳನ್ನು ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದರು. ತಮ್ಮ ಒಂದು ಕಾರು ರೇಸಿನಲ್ಲಿ ಆರು ತಾಸು ಪೂರೈಸಿ, ಮುಗಿಸಿದವರ ಯಾದಿಯಲ್ಲಿ ಸೇರುವವರೆಗೆ ಯಾವ ಕಾರಿಗೂ ಪಟ್ಟಿ ಹಚ್ಚುವುದಿಲ್ಲ, ಪಟ್ಟಿ ಹಚ್ಚದ ಕಾರು ಶೆಡ್ಡು ಬಿಟ್ಟು ಯಾರ ಮನೆಗೂ ಹೋಗುವುದಿಲ್ಲ. ಮೂರು ವರ್ಷ ಮೂರು ರೇಸಿಗೆ ಹೋದರು. ಒಮ್ಮೆ ನೀರಿನ ಪೈಪು ಒಡೆಯಿತು. ಒಮ್ಮೆ ಗಾಲಿಯ ಬೇರಿಂಗ್ ಹೋಯಿತು. ಮೂರನೆಯ ಸಲ ಪೆಟ್ರೋಲ್ ಹಾಕುವವನು ಗಡಿಬಿಡಿಯಲ್ಲಿ ಚೆಲ್ಲಿ, ಬಿಸಿ ಕೊಳವೆಗೆ ತಾಗಿ ಬೆಂಕಿ ಹತ್ತಿತು. ಪುಣ್ಯ, ಯಾರಿಗೂ ಏನೂ ಆಗಲಿಲ್ಲ. ಕಾರಿನ ಹಿಂಭಾಗ ಮಾತ್ರ ಸುಟ್ಟು ಕರಕಲಾಯಿತು. ಆರು ಕಾರು ಶೆಡ್ಡಿನಲ್ಲೇ ಕೂತವು.

ಆಮೇಲೆ ಕಾಕಾ ನನ್ನ ಅಂಗಡಿಗೆ ಬಂದರು. ಆಗ ಅವರು ಯಾರೆಂದೇ ನನಗೆ ಗೊತ್ತಿರಲಿಲ್ಲ. ಒಂದು ಬಾಟಲಿ ಕೊಟ್ಟು ಕುಸುಬಿ ಎಣ್ಣೆ ಕೇಳಿದರು. ಹಾಕಿಕೊಟ್ಟೆ. ಹೋಗಲಿಲ್ಲ, ಅರ್ಧ ತಾಸು ಅಲ್ಲೇ ನಿಂತು ನನ್ನ ಕೈ ನೋಡಿದರು. ಮರುದಿನ ಅದಕ್ಕಿಂತ ಸಣ್ಣ ಬಾಯಿಯ ಬಾಟಲಿ ತಂದರು. ಮೂರನೆಯ ದಿನ ಔಷಧದ ಸೀಸೆ! ನನಗೆ ತಲೆ ಕೆಟ್ಟಿತು.

"ಕಾಕಾ, ನಿಮಗ ಎಣ್ಣಿ ಬೇಕಾಗ್ಯದೋ, ನನ್ನ ಚೇಷ್ಟಿ ಮಾಡ್ಬೇಕಾಗ್ಯದೋ?"

"ಹಾಕ್ರಿ ಸಾವ್ಕಾರ್ರೆ, ಹಾಕ್ರಿ. ಸಿಟ್ಟಿನಾಗ ಹ್ಯಾಂಗ ಹಾಕ್ತೀರಿ ಅದೂ ನೋಡ್ತೇನಿ."

ಹಾಕಿದೆ. ನಮ್ಮಪ್ಪನ ಕಾಲದಿಂದ ನಮ್ಮದು ಎಣ್ಣೆಯ ಕಸುಬು. ಹನಿ ಚೆಲ್ಲಿದರೆ ಅಪ್ಪ ಕೈ ಮೇಲೆ ಬಾರಿಸುತ್ತಿದ್ದರು. ಅಳತೆ ಮುಗಿದ ಮೇಲೆ ಒಂದು ಮಿಳ್ಳೆ ಕೊಸರು ಹಾಕದೆ ಗಿರಾಕಿಯನ್ನು ಕಳಿಸಿದರೆ ಮತ್ತೂ ಜೋರಾಗಿ ಬಾರಿಸುತ್ತಿದ್ದರು. ಅಳತೆ ಮಾಡಿದ್ದು ವ್ಯಾಪಾರ, ಮೇಲೆ ಹಾಕಿದ್ದು ನಮ್ಮ ಮರ್ಯಾದೆ, ಹಾಗೆ ಬೆಳೆದವರು ನಾವು. ಔಷಧದ ಸೀಸೆ ತುಂಬಿತು. ಕೊಸರಿಗೆ ಅದರಲ್ಲಿ ಜಾಗವಿರಲಿಲ್ಲ, ಅದನ್ನು ಬೇರೆ ಪೊಟ್ಟಣದಲ್ಲಿ ಹಾಕಿ ಕಟ್ಟಿಕೊಟ್ಟೆ. ಕಾಕಾ ಕೌಂಟರಿನ ಮೇಲೆ ಬೆರಳಾಡಿಸಿ ನೋಡಿದರು. ಎಣ್ಣೆ ಹತ್ತಲಿಲ್ಲ.

"ನನ್ನ ಜೋಡಿ ಬರ್ತೀರೇನ್ರಿ? ಗಾಡಿಗಿ ಪೆಟ್ರೋಲ್ ಹಾಕ್ಲಿಕ್ಕ" ಎಂದು ಕೇಳಿದರು. ನನಗಾಗ ನಲವತ್ತೈದು. ಭಾಲ್ಕಿ ಬಿಟ್ಟರೆ ಬೀದರ, ಬೀದರ ಬಿಟ್ಟರೆ ಕಲಬುರಗಿ ನೋಡಿದವನು. ಹೆಂಡತಿ, "ಹೋಗಿ ಬರ್ರಿ, ನಾಲ್ಕ್ ದಿನ ನನಗೂ ಎಣ್ಣಿ ವಾಸನಿ ತಪ್ತದ" ಎಂದಳು. ಲಾಳಿಕೆ, ಮಿಳ್ಳೆ ಚೀಲಕ್ಕೆ ಹಾಕಿಕೊಂಡು ಹೊರಟೆ.

ಕಾಕಾ ಹೀಗೇ ಮಂದಿಯನ್ನು ಕೂಡಿಸುತ್ತಿದ್ದರು. ಅವರ ಜೊತೆ ಕಾರು ಓಡಿಸುವ ಇನ್ನೊಬ್ಬ ಚಾಲಕ ಔರಾದದ ಮಾಮು. ಇಪ್ಪತ್ತು ವರ್ಷ ಔರಾದದಿಂದ ಬೀದರಕ್ಕೆ ಜೀಪು ಹೊಡೆದವನು. ಬಾನೆಟ್ ಮೇಲೂ ಜನ ಕೂತಿದ್ದರೂ ಬೀಡಿ ಹಚ್ಚದೆ, ಬಯ್ಯದೆ, ಗಕ್ಕನೆ ಬ್ರೇಕ್ ತುಳಿಯದೆ ಊರು ಮುಟ್ಟಿಸುತ್ತಿದ್ದ. "ಜೋರ್ ಹೊಡಿಯೋರು ಗಲ್ಲಿಗೊಬ್ಬರು ಅದಾರ್ರಿ. ಬ್ಯಾಸರ ಬರದವರು ಬೇಕು ನನಗ" ಎಂದು ಕಾಕಾ ಅವನನ್ನು ಹಿಡಿದಿದ್ದರು.

ರೇಸು ದಕ್ಷಿಣದ ಒಂದು ದೊಡ್ಡ ಊರಿನ ಹೊರಗೆ ಇತ್ತು. ಬೆಳಗ್ಗೆ ಒಂಬತ್ತಕ್ಕೆ ಶುರು, ಮಧ್ಯಾಹ್ನ ಮೂರಕ್ಕೆ ಮುಗಿಯುವುದು. ಆ ರೇಸಿನಲ್ಲಿ ಪೆಟ್ರೋಲಿಗೆ ಕಟ್ಟುನಿಟ್ಟು. ನಡುವೆ ಮೂರು ಸಲ ಕಾರು ನಿಲ್ಲಿಸಬಹುದು. ಪ್ರತಿ ಸಲ ಅವರೇ ಸೀಲು ಮಾಡಿದ ಒಂದು ಕ್ಯಾನು ಕೊಡುತ್ತಾರೆ. ಎಲ್ಲರಿಗೂ ಅಷ್ಟೇ. ಅದಕ್ಕಿಂತ ಒಂದು ಹನಿ ಹೆಚ್ಚಾದರೂ ಮುಗಿಸಿದವರ ಯಾದಿಯಿಂದ ಹೆಸರು ಹೊಡೆಯುತ್ತಾರೆ. ಹಿಂದಿನ ದಿನ ಕಾಕಾ ಇದನ್ನು ನನಗೆ ಎರಡು ಸಲ ಹೇಳಿದರು. ನಾನು ಎರಡು ಸಲವೂ ಹ್ಞೂಂ ಎಂದೆ.

ಮೊದಲ ನಿಲುಗಡೆ ಬಂತು. ಮಾಮು ಇಳಿದು ಕಾಕಾ ಹತ್ತಿದರು. ನಾನು ನನ್ನ ಲಾಳಿಕೆ ಇಟ್ಟು ಕ್ಯಾನು ಬಗ್ಗಿಸಿದೆ. ಸುತ್ತ ಗದ್ದಲವೋ ಗದ್ದಲ. ನಾನು ಮಾತ್ರ ನನ್ನ ಅಂಗಡಿಯಲ್ಲಿದ್ದಂತೆ ಇದ್ದೆ. ಒಂದು ಹನಿ ಬೀಳಲಿಲ್ಲ. ಬೆಂಕಿ ನಂದಿಸುವ ಸಿಲಿಂಡರು ಹಿಡಿದು ನಿಂತಿದ್ದ ರೇಸಿನ ಕಡೆಯವರು ಕೂಡ ಶಹಬಾಸ್ ಎಂದರು. ಎರಡನೆಯ ಸಲವೂ ಹಾಗೆ, ಮೂರನೆಯ ಸಲವೂ ಹಾಗೆ. ಮೂರು ಗಂಟೆಗೆ ಬಾವುಟ ಬೀಸಿದಾಗ ಕಾಕಾ ಸ್ಟೇರಿಂಗಿನ ಮೇಲಿದ್ದರು, ಕಾರು ಓಡುತ್ತಿತ್ತು. ಆರು ತಾಸು! ಮಾಮು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಕಾಕಾ ಇಳಿದು ಬಂದು, ಬಿಸಿ ಬಾನೆಟ್ ಮೇಲೆ ಅಂಗೈ ಇಟ್ಟು, "ತ್ರಾಸ ಆಯ್ತೇನ್ರಿ?" ಎಂದು ಕಾರನ್ನು ಕೇಳಿದರು. ಅವರ ಕಣ್ಣಲ್ಲಿ ನೀರಿತ್ತು.

ನಾನು ಸಾಮಾನು ಕಟ್ಟಲು ಕೂತೆ. ಲಾಳಿಕೆ ಒರೆಸಿದೆ. ಮಿಳ್ಳೆ ತೆಗೆದುಕೊಂಡೆ. ಮಿಳ್ಳೆ ಪೆಟ್ರೋಲ್ ನಾರುತ್ತಿತ್ತು.

ಮೂಲೆಯಲ್ಲಿ ಹಿಂದಿನ ದಿನದ ಓಡಾಟದಲ್ಲಿ ಉಳಿದ ಪೆಟ್ರೋಲಿನ ಸಣ್ಣ ಡಬ್ಬಿ ಇತ್ತು. ಅದನ್ನು ನಾನೇ ವಾಪಸು ಕೊಡಬೇಕಿತ್ತು, ಮರೆತಿದ್ದೆ. ಅದರ ಮುಚ್ಚಳ ತೆರೆದಿತ್ತು. ಕಣ್ಣು ಮುಚ್ಚಿ ನೆನೆಸಿಕೊಂಡೆ. ಕ್ಯಾನು ಬರಿದಾಗಿದೆ, ಎಡಗೈ ಲಾಳಿಕೆ ಹಿಡಿದಿದೆ, ಬಲಗೈ ಡಬ್ಬಿಗೆ ಹೋಗಿದೆ, ಒಂದು ಮಿಳ್ಳೆ ಎತ್ತಿ ಹಾಕಿದೆ. ಮೂರು ಸಲವೂ. ನನ್ನ ಕೈ ಗಿರಾಕಿಯನ್ನು ಕೊಸರಿಲ್ಲದೆ ಕಳಿಸಿರಲಿಲ್ಲ. ಸಿಲಿಂಡರಿನವರು ನೋಡಿಯೇ ಇದ್ದರು, ಆದರೆ ಮಿಳ್ಳೆ ಎಂದರೇನು ಅವರಿಗೇನು ಗೊತ್ತು?

ಯಾರಿಗೂ ಗೊತ್ತಿಲ್ಲ. ಹೇಳದಿದ್ದರೆ ನಾಳೆ ಆರು ಕಾರಿಗೂ ಪಟ್ಟಿ ಬೀಳುತ್ತದೆ. ಹಾಗೆ ಯೋಚಿಸಿದೆ, ಸುಳ್ಳು ಯಾಕೆ ಹೇಳಲಿ? ಕಾಕಾ ಖಾಲಿ ಕ್ಯಾನಿನ ಮೇಲೆ ಕೂತು, ಕಾಕು ಕಟ್ಟಿಕೊಟ್ಟ ರೊಟ್ಟಿ ಬಿಚ್ಚಿ ನನ್ನ ಪಾಲನ್ನು ಮೊದಲು ತೆಗೆದಿಟ್ಟರು. ಅದನ್ನು ನೋಡಿ ತಡೆಯಲಾಗಲಿಲ್ಲ. ಹೋಗಿ ಹೇಳಿಬಿಟ್ಟೆ.

"ಎಷ್ಟು ಮಿಳ್ಳಿ?" ಎಂದರು.

"ಮೂರ್ರಿ."

"ತುಂಬ ಮಿಳ್ಳಿನೋ, ಅರ್ಧಾನೋ?"

"ತುಂಬ ರಿ ಕಾಕಾ."

"ಅದೂ ಬರೋಬ್ಬರಿ. ಅರ್ಧ ಹಾಕೋ ಕೈ ಅಲ್ಲ ನಿಮ್ದು" ಎಂದು ಕೈಯಲ್ಲಿದ್ದ ತುತ್ತು ನುಂಗಿ, ಕೈ ತೊಳೆದು, ಅಧಿಕಾರಿಗಳ ಡೇರೆಯ ಕಡೆ ನಡೆದರು. ಮಾಮು ನನ್ನ ತೋಳು ಹಿಡಿದ. "ಅರೇ ಸಾವ್ಕಾರ್, ಯಾಕ್ ಹೇಳಿದ್ರಿ? ಯಾರು ನೋಡ್ಯಾರ? ಒಂದು ಕಪ್ ಚಾದಷ್ಟೂ ಇಲ್ಲ ಅದು!" ಕಾಕಾ ಹತ್ತು ನಿಮಿಷದಲ್ಲಿ ವಾಪಸು ಬಂದು, "ಹೊಡ್ದು ಹಾಕ್ಯಾರ. ಪಾಪ, ಅವರಿಗೂ ಬ್ಯಾಡಾಗಿತ್ತು" ಎಂದು, ಅರ್ಧ ಉಳಿದಿದ್ದ ರೊಟ್ಟಿ ಮುಗಿಸಿದರು.

ಬೀದರ ಮುಟ್ಟಿದ ಮೇಲೆ ಕಾಕು ಚಹಾ ಕೊಡುತ್ತ ಒಂದು ಮಾತು ಹೇಳಿದರು. ಕಾಕಾರ ಎಡಗಣ್ಣಿಗೆ ಪೊರೆಯಲ್ಲದ ಬೇರೇನೋ ಆಗಿದೆ, ಡಾಕ್ಟರು ಬರುವ ವರ್ಷ ರೇಸಿನ ಲೈಸೆನ್ಸಿಗೆ ಸಹಿ ಹಾಕುವುದಿಲ್ಲ ಎಂದು ಆರು ತಿಂಗಳ ಹಿಂದೆಯೇ ಹೇಳಿದ್ದಾರೆ, ಅವರು ಓಡಿಸುವ ರೇಸು ಇದೇ ಕೊನೆಯದಾಗಿತ್ತು. ಕಪ್ಪು ಕೆಳಗಿಟ್ಟೆ. ಅವರ ಜೀವಮಾನದಲ್ಲಿ ಒಮ್ಮೆ ಮುಗಿಸಿದ ರೇಸನ್ನು ನನ್ನ ಮೂರು ಮಿಳ್ಳೆ ತಿಂದುಹಾಕಿತ್ತು. ಅದು ಗೊತ್ತಿದ್ದೂ ಅವರು ಡೇರೆಗೆ ನಡೆದು ಹೋಗಿದ್ದರು. ನಾನು ಮನೆಗೆ ಬಂದು ಗಂಡಸೆನ್ನದೆ ಅತ್ತೆ. ಮಿಳ್ಳೆಯನ್ನು ಅಟ್ಟಕ್ಕೆ ಎಸೆದೆ. ಒಂದು ವಾರ ಅಂಗಡಿಯಲ್ಲಿ ಕೊಸರು ಹಾಕಲಿಲ್ಲ. ಗಿರಾಕಿಗಳು ನನಗೇನೋ ಜಡ್ಡಾಗಿದೆ ಎಂದುಕೊಂಡರು.

ಮುಂದಿನ ವರ್ಷ ಕಾಕಾ ಮತ್ತೆ ಅಂಗಡಿ ಮುಂದೆ ನಿಂತರು. "ನಡೀರಿ ಸಾವ್ಕಾರ್ರೆ, ರೇಸ್ ಬಂದದ."

"ಕಾಕಾ, ಕೈ ಮುಗಿತೇನಿ. ಬ್ಯಾರೆಯವರನ್ನ ನೋಡ್ಕೊಳ್ರಿ. ಈ ಕೈ ನಂಬಬ್ಯಾಡ್ರಿ."

"ತಪ್ಪು ನಂದು. ಮೂರು ದಿನ ಇಲ್ಲೇ ನಿಂತು ನಿಮ್ಮ ಕೈ ನೋಡ್ದೆ. ಹನಿ ಬೀಳ್ತದೋ ಇಲ್ಲೋ ಅಷ್ಟೇ ನೋಡ್ದೆ. ಕೊಸರು ಹಾಕಿದ್ದು ಕಂಡಿತ್ತು, ಪೊಟ್ಟಣ ಕಟ್ಕೊಂಡು ಮನಿಗಿ ಒಯ್ದು ಅದರಾಗ ಒಗ್ಗರಣಿನೂ ಹಾಕ್ಸಿದೆ. ಲೆಕ್ಕಕ್ಕ ಹಿಡೀಲಿಲ್ಲ. ಗಾಡಿ ಕಟ್ಟೋ ಮನಷ್ಯಾ ನೋಡ್ಬೇಕಾಗಿತ್ತು, ನೋಡ್ಲಿಲ್ಲ. ಮಿಳ್ಳಿ ಎಲ್ಲದ?"

"ಅಟ್ಟದ ಮ್ಯಾಲ ಒಗ್ದೇನ್ರಿ."

"ತೆಗೀರಿ."

ಅವರು ಮಾಡಿದ್ದಿಷ್ಟೇ. ಆ ಸಲ ಪೆಟ್ರೋಲಿನ ಹೆಚ್ಚಿನ ಡಬ್ಬಿ ಇರಲೇ ಇಲ್ಲ. ಅದೇ ಜಾಗದಲ್ಲಿ, ನನ್ನ ಬಲಗೈ ಹೋಗುವಲ್ಲಿ, ನೀರಿನ ಕೊಡ ಇಟ್ಟರು. ಅದರ ಪಕ್ಕದಲ್ಲಿ ಚಾಲಕರು ಕುಡಿಯುವ ಸ್ಟೀಲ್ ಬಾಟಲಿ ಹಿಡಿದು ತಾವೇ ನಿಂತರು. ಶೆಡ್ಡಿನಲ್ಲಿ ಹದಿನೈದು ದಿನ ನನಗೆ ಅದನ್ನೇ ರೂಢಿ ಮಾಡಿಸಿದರು. ಕ್ಯಾನು ಬರಿದಾಯಿತು, ಕೈ ಕೊಡಕ್ಕೆ ಹೋಯಿತು, ಮಿಳ್ಳೆ ತುಂಬ ನೀರು ಕಾಕಾ ಹಿಡಿದ ಬಾಟಲಿಗೆ. "ಕೊಸರು ಬಿಡಬ್ಯಾಡ್ರಿ. ಬಿಟ್ರ ಹನಿ ಬೀಳ್ಲಿಕ್ಕ ಶುರು ಆಗ್ತದ" ಎನ್ನುತ್ತಿದ್ದರು. ಖರೇ ಹೇಳಬೇಕೆಂದರೆ, ಕೊಸರು ನಿಲ್ಲಿಸಿದ ಆ ಒಂದು ವಾರ ನನ್ನ ಕೌಂಟರಿನ ಮೇಲೆ ಹನಿ ಬೀಳುತ್ತಿತ್ತು. ಅದನ್ನು ನಾನು ಅವರಿಗೆ ಹೇಳಿರಲಿಲ್ಲ.

ಆ ವರ್ಷ ಕಾರು ಓಡಿಸಿದವರು ಮಾಮು ಮತ್ತು ಡಾಕ್ಟರ್ ಬಾಯಿ. ಮೂರು ಸಲ ನಿಂತರು, ಮೂರು ಸಲ ಕಾಕಾ ಬಾಟಲಿ ಹಿಡಿದರು. ಮೂರು ಗಂಟೆಗೆ ಬಾವುಟ ಬಿತ್ತು. ಹದಿನೇಳು ಕಾರಿನಲ್ಲಿ ನಮ್ಮದು ಹನ್ನೊಂದನೆಯದು. ಮುಗಿಸಿದವರ ಯಾದಿಯನ್ನು ಗೋಡೆಗೆ ಹಚ್ಚಿದಾಗ ಕಾಕಾ ಕನ್ನಡಕ ತೆಗೆದು, ಬಲಗಣ್ಣು ಹತ್ತಿರ ಒಯ್ದು ಓದಿದರು. ಚಾಲಕರ ಹೆಸರಿನ ಜಾಗದಲ್ಲಿ ಅವರ ಹೆಸರಿರಲಿಲ್ಲ. ನನ್ನ ಕಣ್ಣು ಅಲ್ಲೇ ನಿಂತಿತು. ಅವರು, "ನಡೀರಿ, ಪಟ್ಟಿ ಹಚ್ಚೋಣ" ಎಂದರು.

ಮರುವಾರ ಆರು ಕಾರಿಗೂ ಹಿತ್ತಾಳೆ ಪಟ್ಟಿ ಹಚ್ಚಿದರು. ಐದು ಕಾರು ಒಂದೊಂದಾಗಿ ಶೆಡ್ಡು ಬಿಟ್ಟವು. ಒಂದನೆಯದನ್ನು ಇಟ್ಟುಕೊಂಡರು. ಅದನ್ನು ರಸ್ತೆಗೆ ಇಳಿಸುವ ಕಾಗದಪತ್ರಕ್ಕಾಗಿ ಎರಡು ವರ್ಷ ಓಡಾಡಿದರು. ಅದರಲ್ಲಿ ಕೂತು ಔರಾದದವರೆಗೆ ಹೋಗಿ, ಮಾಮುವಿನ ಮನೆಯಲ್ಲಿ ಚಹಾ ಕುಡಿದು ಬರುತ್ತಿದ್ದರು, ಓಡಿಸುವವನು ಮಾಮು. ಏಳನೆಯ ಕಾರು ಕಟ್ಟಿ ಎಂದು ಬಹಳ ಜನ ಬಂದರು. ಅವರು ಗೋಡೆಯ ಸುಣ್ಣದ ಅಕ್ಷರ ತೋರಿಸಿ, ಚಹಾ ಕುಡಿಸಿ ಕಳಿಸಿದರು.

ಫೋನ್ ಬಂದ ಮರುದಿನ ನಾನು ನೌಬಾದಕ್ಕೆ ಹೋದೆ. ಮಾಮು ಆಗಲೇ ಬಂದು ಸ್ಟೇರಿಂಗಿನ ಮುಂದೆ ಕೂತಿದ್ದ, ಹೊಸ ಅಂಗಿ ಹಾಕಿದ್ದ. ಕಾರು ಅವನಿಗೆ, ಪೆಟ್ರೋಲ್ ನನ್ನ ಕೈಯಿಂದ, ಚೀಟಿಯಲ್ಲಿ ಎರಡೇ ಸಾಲು ಎಂದರು ಕಾಕು. ಲಾಳಿಕೆ ಇಟ್ಟು ಕ್ಯಾನು ಬಗ್ಗಿಸಿದೆ. ಬರಿದಾಯಿತು. ಬಲಗೈ ಹೋಯಿತು. ಕೊಡ ಅಲ್ಲೇ ಇತ್ತು, ಕಾಕು ತುಂಬಿಸಿ ಇಟ್ಟಿದ್ದರು. ಮಿಳ್ಳೆ ತುಂಬ ನೀರೆತ್ತಿ ತಿರುಗಿದೆ, ರೂಢಿಯಂತೆ, ಕಣ್ಣೆತ್ತಿ ನೋಡದೆ ಬಗ್ಗಿಸಿದೆ.

ಬಾಟಲಿ ಕಾರಿನೊಳಗೆ ತನ್ನ ಜಾಗದಲ್ಲಿತ್ತು. ಹಿಡಿಯುವವರು ಇರಲಿಲ್ಲ. ಮಿಳ್ಳೆ ನೀರೆಲ್ಲ ಶೆಡ್ಡಿನ ನೆಲಕ್ಕೆ ಬಿತ್ತು.

"ಸಾವ್ಕಾರ್ರೆ, ಚೆಲ್ತಲ್ರಿ" ಎಂದರು ಕಾಕು.

"ಹೌದ್ರಿ ಕಾಕು. ಚೆಲ್ತು" ಎಂದೆ.